ಪದರ ಪೇರಿಸಿದ ಮಾದರಿ ಸೊಟ್ಟ ಬಂತಾ? ಮೊದಲು ಶೀಟ್ ನೋಡಿ, ಆಮೇಲೆ ಲೇಸರ್

3 ಮಿ.ಮೀ. ಎಂಡಿಎಫ್ ಶೀಟ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಲೇಸರ್‌ನಿಂದ 20 ಪದರ ಕತ್ತರಿಸಿ ಅಂಟಿಸಿದರೆ ಎತ್ತರ 60 ಮಿ.ಮೀ. ಬರಬೇಕು. ಬಂದಿದ್ದು 62. ತೂತಿಗೆ ಹಾಕಿದ ಬೋಲ್ಟ್ ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ಬದಿಗೆ ಬೆರಳು ಸವರಿದರೆ ಒಂದೊಂದು ಪದರವೂ ಉಗುರಿಗೆ ಸಿಗುತ್ತದೆ. ಕಟಿಂಗ್ ಅಂಗಡಿಯಲ್ಲಿ ಕೇಳಿದರೆ "ನಿಮ್ಮ ಫೈಲೇ ಸರಿ ಇಲ್ಲ ಸಾರ್" ಅನ್ನುತ್ತಾರೆ, ಡ್ರಾಯಿಂಗ್ ಮಾಡಿಕೊಟ್ಟ ಹುಡುಗನನ್ನು ಕೇಳಿದರೆ ಮಷಿನ್ ಸೆಟ್ಟಿಂಗ್ ಸರಿ ಇಲ್ಲ ಅನ್ನುತ್ತಾನೆ. ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಇಂಥ ಜಗಳ ಶುರುವಾದರೆ ಇಬ್ಬರದೂ ತಪ್ಪಿಲ್ಲದಿರುವ ಸಾಧ್ಯತೆಯೇ ಜಾಸ್ತಿ. ತಪ್ಪು ಶೀಟ್‌ನದು.

ಇದು ಅಡಿಕೆ ಸುಲಿಯುವ ಯಂತ್ರಕ್ಕೆ ಹೊಸ ಗೇರ್ ಕವರ್ ಮಾಡಿ ನೋಡುವವರಿಗೆ, ಫೌಂಡ್ರಿಗೆ ಪ್ಯಾಟರ್ನ್ (ಮರಳಿನಲ್ಲಿ ಎರಕದ ಅಚ್ಚು ಮೂಡಿಸುವ ಮಾದರಿ) ಮಾಡಿಕೊಡುವವರಿಗೆ, ಕೊಡಚಾದ್ರಿ ಗುಡ್ಡದ ಮಾಡೆಲ್ ಮಾಡುವ ಕಾಲೇಜು ಹುಡುಗರಿಗೆ ಬರೆದಿದ್ದು. ತ್ರೀಡಿ ಪ್ರಿಂಟರ್ ಇಡೀ ದಿನ ತಿನ್ನುವ ದೊಡ್ಡ ಭಾಗವನ್ನು ಲೇಸರ್ ಬೇಗ ಕತ್ತರಿಸಿ ಕೊಡುತ್ತದೆ, ಖರ್ಚೂ ಕಮ್ಮಿ. ಆದರೆ ಒಂದು ಪದರದಲ್ಲಿ ಕಣ್ಣಿಗೇ ಕಾಣದ ತಪ್ಪು 20 ಪದರ ಆಗುವಷ್ಟರಲ್ಲಿ ಬೆಳೆದು ನಿಲ್ಲುತ್ತದೆ. ಹಾಗಾಗಿ ಮಷಿನ್‌ನ ಸ್ಕ್ರೂ ತಿರುಗಿಸುವ ಮುಂಚೆ ತಪ್ಪು ಯಾವ ಕಡೆ ಹೋಗಿದೆ ಅಂತ ನೋಡಬೇಕು. ಎತ್ತರದಲ್ಲಾ, ಅಡ್ಡಕ್ಕಾ, ಅಂಚಿನಲ್ಲಾ? ಮೂರಕ್ಕೂ ಕಾರಣ ಬೇರೆ ಬೇರೆ.

ಕೈಯಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ಇರಲಿ. ಅಳತೆಪಟ್ಟಿಯಲ್ಲಿ ಈ ಕೆಲಸ ಆಗುವುದಿಲ್ಲ. ಮತ್ತೆ ಮುಂದಿನ ಸಲದಿಂದ ಪ್ರತಿ ಪದರದ ಮೇಲೂ ಒಂದು ನಂಬರ್, ಒಂದು ಬಾಣದ ಗುರುತು ಲೇಸರ್‌ನಲ್ಲೇ ತೆಳ್ಳಗೆ ಕೆತ್ತಿಸಿ. ಯಾವ ಮುಖ ಮೇಲಿತ್ತು, ಯಾವ ಅಂಚು ಮಷಿನ್‌ನ ಮುಂದೆ ಇತ್ತು ಅನ್ನುವುದು ಗೊತ್ತಿಲ್ಲದೆ ಹೋದರೆ ಮುಂದೆ ಹೇಳುವ ಅರ್ಧ ಪರೀಕ್ಷೆ ಮಾಡಲಿಕ್ಕೇ ಆಗುವುದಿಲ್ಲ.

ಎತ್ತರ ತಪ್ಪಿದ್ದರೆ

ಎತ್ತರಕ್ಕೂ ಲೇಸರ್‌ಗೂ ಸಂಬಂಧವೇ ಇಲ್ಲ. ಲೇಸರ್ ಅಡ್ಡ ಉದ್ದ ಕತ್ತರಿಸುತ್ತದೆ, ದಪ್ಪ ಶೀಟ್ ಹೇಳಿದ ಹಾಗೆ. ಅಂಗಡಿಯಲ್ಲಿ "3 ಎಂಎಂ" ಅಂತ ಕೊಡುವ ಶೀಟ್ 2.8 ಇರಬಹುದು, 3.2 ಕೂಡ ಇರಬಹುದು, ಒಂದೇ ಶೀಟ್‌ನ ಮಧ್ಯಕ್ಕೂ ಮೂಲೆಗೂ ವ್ಯತ್ಯಾಸ ಇರಬಹುದು. ಒಂದು ಪದರಕ್ಕೆ 0.1 ಮಿ.ಮೀ. ಜಾಸ್ತಿ ಆದರೆ 20 ಪದರಕ್ಕೆ 2 ಮಿ.ಮೀ. ನಿಮ್ಮ 62 ಹೀಗೂ ಬಂದಿರಬಹುದು.

ಕಾರಣ ಬೇರ್ಪಡಿಸಲು ಸುಲಭದ ದಾರಿ ಇದೆ. ಅಂಟಿಸದೆ ಉಳಿದಿರುವ 10 ಪದರ ತಗೊಳ್ಳಿ, ಇಲ್ಲದಿದ್ದರೆ ಅದೇ ಶೀಟ್‌ನ ಚೂರುಗಳಾದರೂ ಆಗುತ್ತದೆ. ಸುಮ್ನೆ ಒಂದರ ಮೇಲೊಂದು ಇಟ್ಟು ಅಳೆಯಿರಿ. ಆಮೇಲೆ ಕ್ಲ್ಯಾಂಪ್ ಹಾಕಿ ಬಿಗಿಮಾಡಿ ಮತ್ತೆ ಅಳೆಯಿರಿ. ಬಿಗಿ ಮಾಡಿದ ಮೇಲೂ 31 ಇದ್ದರೆ ಶೀಟೇ ದಪ್ಪ. ಬಿಡಿಯಾಗಿ 32 ಇದ್ದು ಬಿಗಿ ಮಾಡಿದಾಗ 30ಕ್ಕೆ ಇಳಿದರೆ ಶೀಟ್ ಬಾಗಿದೆ, ದಪ್ಪ ಸರಿಯಾಗೇ ಇದೆ. ಬಿಗಿ ಮಾಡಿದಾಗ ಸರಿ 30 ಇದ್ದು, ಅಂಟಿಸಿದ ಮಾದರಿಯಲ್ಲಿ ಮಾತ್ರ ಜಾಸ್ತಿ ಬಂದಿದ್ದರೆ ಅಂಟು ದಪ್ಪ ಕೂತಿದೆ, ಅಥವಾ ಅಂಟಿನ ನೀರು ಕುಡಿದು ಪದರ ಉಬ್ಬಿದೆ. ಮೂರಕ್ಕೂ ಮದ್ದು ಬೇರೆ.

ಶೀಟೇ ದಪ್ಪ ಇದ್ದರೆ ಅದು ಕಾರ್ಖಾನೆಯಿಂದಲೇ ಹಾಗೆ ಬಂದಿರಬಹುದು, ಆದರೆ ನಮ್ಮ ಕಡೆ ತೇವದ ಪಾಲು ದೊಡ್ಡದು. ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜತೆ ಒತ್ತಿ ಮಾಡಿದ್ದು. ತೇವ ಕುಡಿದರೆ ಉದ್ದ ಅಗಲಕ್ಕಿಂತ ದಪ್ಪದಲ್ಲೇ ಜಾಸ್ತಿ ಉಬ್ಬುತ್ತದೆ, ಒಣಗಿಸಿದರೂ ಪೂರ್ತಿ ಮೊದಲಿನ ಹಾಗೆ ಇಳಿಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಒಂದು ಸಣ್ಣ ಪಾಲು ಅಷ್ಟೆ. ಪೇಟೆಯ ಅಂಗಡಿಯಲ್ಲಿ 3.0 ಇದ್ದ ಶೀಟನ್ನು ತೀರ್ಥಹಳ್ಳಿಗೋ ಹೊಸನಗರಕ್ಕೋ ಒಯ್ದು ಪುಷ್ಯ ಮಳೆಯಲ್ಲಿ ವಾರ ಬಿಟ್ಟು ಅಳೆದು ನೋಡಿ, ಅದೇ ಶೀಟ್ ಅಂತ ನಂಬುವುದು ಕಷ್ಟ. ಅಂಚು ಮಧ್ಯಕ್ಕಿಂತ ದಪ್ಪ ಇದೆ ಅಂದರೆ ತೇವವೇ ಕಾರಣ ಅಂತ ತಿಳಿಯಿರಿ, ಯಾಕೆಂದರೆ ಕತ್ತರಿಸಿದ ಅಂಚಿನಿಂದಲೇ ಅದು ಮೊದಲು ನೀರು ಎಳೆಯುತ್ತದೆ.

ಗೋಡೆಗೆ ಒರಗಿಸಿ ಇಟ್ಟ ಶೀಟ್ ಮಳೆಗಾಲದಲ್ಲಿ ಹಪ್ಪಳದ ಹಾಗೆ ಬಾಗುತ್ತದೆ. ಮಟ್ಟವಾದ ಮೇಜಿನ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಭಾರ ಇಡಿ. ಒಣಗಿಸಬೇಕು ಅಂತ ಬಚ್ಚಲ ಒಲೆಯ ಹತ್ತಿರ ನಿಲ್ಲಿಸುವವರಿದ್ದಾರೆ, ದಯವಿಟ್ಟು ಬೇಡ. ಒಲೆ ಕಡೆಯ ಮುಖ ಬೇಗ ಒಣಗಿ ಕುಗ್ಗುತ್ತದೆ, ಹಿಂದಿನ ಮುಖ ಹಸಿಯಾಗೇ ಇರುತ್ತದೆ, ಶೀಟ್ ಒಲೆ ಕಡೆಗೆ ಬಾಗಿ ನಿಲ್ಲುತ್ತದೆ. ಒಣಗಿಸಲೇಬೇಕು ಅಂದರೆ ಎರಡೂ ಮುಖಕ್ಕೆ ಗಾಳಿ ಆಡುವ ಹಾಗೆ ಅಡ್ಡಪಟ್ಟಿ ಕೊಟ್ಟು ಮಲಗಿಸಿ ಫ್ಯಾನ್ ಹಾಕಿ, ಅಥವಾ ಮುಚ್ಚಿದ ಬೀರುವಿನಲ್ಲಿ ಮಲಗಿಸಿ ಒಂದು ಹಳೇ ಕಾಲದ 60 ವ್ಯಾಟ್ ಬಲ್ಬ್ ದೂರದಲ್ಲಿ ಉರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಶೀಟ್ 3.12 ಇದ್ದರೆ? ಇರಲಿ ಬಿಡಿ. ಡ್ರಾಯಿಂಗ್‌ನಲ್ಲಿ ಪದರ ಮಾಡುವಾಗ 3ರ ಬದಲು 3.12 ಹಾಕಿ, 60 ಮಿ.ಮೀ.ಗೆ 19 ಪದರ ಸಾಕು ಅಂತ ಲೆಕ್ಕ ಬರುತ್ತದೆ, 59.28. ಉಳಿದ ಮುಕ್ಕಾಲು ಮಿಲಿಮೀಟರ್ ಅಂಟಿಗೆ ಸ್ವಲ್ಪ ಹೋಗುತ್ತದೆ, ಮಿಕ್ಕಿದ್ದಕ್ಕೆ ಕಾರ್ಡ್‌ಶೀಟ್. ಶೀಟ್ ಕಂಪನಿ ಬರೆದ ದಪ್ಪ ನಂಬಿ ಡ್ರಾಯಿಂಗ್ ಮುಗಿಸಿಬಿಡುವುದೇ ಈ ಕೆಲಸದಲ್ಲಿ ಅತಿ ದುಬಾರಿ ಅಭ್ಯಾಸ ಅಂತ ನನ್ನ ಅಭಿಪ್ರಾಯ.

ಅಡ್ಡಕ್ಕೆ ತಪ್ಪಿದ್ದರೆ

ಎರಡು ಚೌಕ ಕತ್ತರಿಸಿ, ಒಂದು 20 ಮಿ.ಮೀ., ಇನ್ನೊಂದು 200. ಎರಡೂ 0.2 ಕಮ್ಮಿ ಬಂದರೆ ಅದು ಕರ್ಫ್, ಅಂದರೆ ಲೇಸರ್ ಸುಟ್ಟು ತಿಂದ ಗೆರೆಯ ಅಗಲ. ಚಿಕ್ಕದು 0.2 ಕಮ್ಮಿ, ದೊಡ್ಡದು 2 ಮಿ.ಮೀ. ಕಮ್ಮಿ ಬಂದರೆ ಸ್ಕೇಲ್ ತಪ್ಪಿದೆ, ಫೈಲ್ ಬದಲಿಸುವಾಗಲೋ ಮಷಿನ್‌ನ ಸ್ಟೆಪ್ ಸೆಟ್ಟಿಂಗ್‌ನಲ್ಲೋ (ಮೋಟರ್ ಎಷ್ಟು ತಿರುಗಿದರೆ ಎಷ್ಟು ಮಿ.ಮೀ. ಸರಿಯುತ್ತದೆ ಅನ್ನುವ ಲೆಕ್ಕ). ಭಾಗದ ಗಾತ್ರ ಎಷ್ಟಿದ್ದರೂ ಕರ್ಫ್ ಅಷ್ಟೇ ತಿನ್ನುತ್ತದೆ, ಸ್ಕೇಲ್ ತಪ್ಪು ಗಾತ್ರದ ಜತೆ ಬೆಳೆಯುತ್ತದೆ. ಇದೊಂದು ಪರೀಕ್ಷೆ ಮಾಡಿದರೆ ಅಂಗಡಿಯವರ ಜತೆಗಿನ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಕರ್ಫ್ ಎಷ್ಟು ಅಂತ ಸರಿಯಾಗಿ ತಿಳಿಯಬೇಕಾದರೆ 100 ಮಿ.ಮೀ. ಉದ್ದದ ಆಯತವನ್ನು ಅಡ್ಡಗೆರೆಗಳಿಂದ 10 ಸಮ ತುಂಡು ಮಾಡಿ ಕತ್ತರಿಸಿ. ತುಂಡುಗಳನ್ನು ಅದೇ ಕಿಂಡಿಯೊಳಗೆ ಒಂದು ಬದಿಗೆ ಒತ್ತಿ. ಇನ್ನೊಂದು ಬದಿಯಲ್ಲಿ ಉಳಿಯುವ ಸಂದನ್ನು ಅಳೆದು 11ರಿಂದ ಭಾಗಿಸಿ, ಯಾಕೆಂದರೆ ಗೆರೆ 11 ಇವೆ. 2.2 ಬಂದರೆ ಕರ್ಫ್ 0.2. ಸಾಮಾನ್ಯ ಸಿಓಟು (CO2 ಅನಿಲದ) ಲೇಸರ್‌ನಲ್ಲಿ 0.1ರಿಂದ 0.3ರ ಒಳಗೇ ಸಿಗುತ್ತದೆ. ಡ್ರಾಯಿಂಗ್‌ನಲ್ಲಿ ಇದಕ್ಕೆ ಜಾಗ ಕೊಡದೆ ಹೋದರೆ 6 ಮಿ.ಮೀ. ತೂತು 6.2 ಆಗುತ್ತದೆ, ಅದರೊಳಗೆ 6ರ ಪಿನ್ ಹಾಕಿ ಪದರ ಜೋಡಿಸಿದರೆ ಪ್ರತಿ ಪದರವೂ ತನಗೆ ಬೇಕಾದ ಕಡೆ ಸ್ವಲ್ಪ ಸ್ವಲ್ಪ ಜಾರಿ ಕೂರುತ್ತದೆ. ಬೋಲ್ಟ್ ಅರ್ಧಕ್ಕೆ ನಿಲ್ಲುವುದು ಇಲ್ಲೇ.

ಕರ್ಫ್ ಸರಿ, ಸ್ಕೇಲ್ ಸರಿ, ಆದರೂ ಮಾದರಿ ಒಂದು ಕಡೆ ವಾಲಿದೆ ಅಂದರೆ ಅಂಟಿಸುವ ಹಂತ ನೋಡಿ. ಫೆವಿಕಾಲ್ ಹಸಿ ಇರುವಾಗ ಚೆನ್ನಾಗಿ ಜಾರುತ್ತದೆ. ಒಂದು ಮೂಲೆಯ ಕ್ಲ್ಯಾಂಪನ್ನು ಮೊದಲೇ ಪೂರ್ತಿ ಬಿಗಿ ಮಾಡಿದರೆ ಇಡೀ ಅಟ್ಟಿ ಎದುರು ಮೂಲೆಗೆ ಸರಿಯುತ್ತದೆ. ಐದೈದು ಪದರ ಮಾತ್ರ ಒಟ್ಟಿಗೆ ಅಂಟಿಸಿ, ಮೊದಲು ಕೈಯಲ್ಲೇ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಅಂಟು ಸ್ವಲ್ಪ ಕಚ್ಚಿದ ಮೇಲೆ ಎಲ್ಲ ಕ್ಲ್ಯಾಂಪನ್ನೂ ಸ್ವಲ್ಪ ಸ್ವಲ್ಪವೇ ಸುತ್ತು ಹಾಕಿ ಬಿಗಿಮಾಡಿ. ಪಿನ್‌ಗಳು ಒಂದಕ್ಕೊಂದು ಆದಷ್ಟು ದೂರ ಇರಲಿ, ಮತ್ತೆ ಅವು ಸಮ ಜಾಗದಲ್ಲಿ ಬೇಡ, ಒಂದು ಸ್ವಲ್ಪ ಒತ್ತಟ್ಟಿಗೆ ಇದ್ದರೆ ಪದರವನ್ನು ತಲೆಕೆಳಗಾಗಿ ಹಾಕಲಿಕ್ಕೇ ಆಗುವುದಿಲ್ಲ. ಎರಡೂ ತೂತು ದುಂಡಗೆ ಬಿಗಿಯಾಗಿದ್ದರೆ ಮಳೆಗಾಲದಲ್ಲಿ ಕೆಲವು ಪದರ ಒಳಗೇ ಇಳಿಯುವುದಿಲ್ಲ, ಅದಕ್ಕೆ ಒಂದನ್ನು ದುಂಡಗೆ, ಇನ್ನೊಂದನ್ನು ಸ್ವಲ್ಪ ಉದ್ದುದ್ದ ಕೊಡಿ. ಪಿನ್‌ಗೆ ಮೇಣ ಸವರಿಡಿ, ಇಲ್ಲದಿದ್ದರೆ ಅದೂ ಮಾದರಿಯ ಭಾಗವೇ ಆಗಿಬಿಡುತ್ತದೆ.

ಅಂಟನ್ನು ಬ್ರಷ್‌ನಲ್ಲಿ ಸುರಿದು ಬಳಿಯುವುದಕ್ಕಿಂತ ಚಿಕ್ಕ ರೋಲರ್‌ನಲ್ಲಿ ತೆಳ್ಳಗೆ ಎಳೆಯಿರಿ. ನೀರಿನ ಅಂಟು ಒಂದೇ ಮುಖಕ್ಕೆ ಜಾಸ್ತಿ ಬಿದ್ದರೆ ಆ ಮುಖ ಉಬ್ಬಿ ಪದರ ಬಾಗುತ್ತದೆ. ಲೇಸರ್ ಹೊಗೆ ಕೂತು ಕಂದು ಬಣ್ಣ ಆದ ಜಾಗದಲ್ಲಿ ಅಂಟು ಹಿಡಿಯುವುದು ಕಮ್ಮಿ. 220 ನಂಬರ್ ಉಜ್ಜುಕಾಗದದಲ್ಲಿ ಒಂದು ಸಲ ಉಜ್ಜಿ, ಇಲ್ಲವೇ ಕತ್ತರಿಸುವ ಮುಂಚೆ ಶೀಟ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿ. ತಿಂಗಳಾದ ಮೇಲೆ ಪದರ ಬಾಯಿ ಬಿಟ್ಟ ಮಾದರಿಗಳನ್ನು ಬಿಡಿಸಿ ನೋಡಿದರೆ ಬಹಳ ಸಲ ಈ ಕಂದು ಕಲೆಯ ಮೇಲೆ ಅಂಟು ಒಣಗಿ ಹಾಳೆಯ ಹಾಗೆ ಎದ್ದು ಬರುತ್ತದೆ.

ಕರ್ಫ್, ಸ್ಕೇಲ್, ಅಂಟು ಮೂರೂ ಸರಿ ಇದ್ದೂ ಅಡ್ಡಕ್ಕೆ ತಪ್ಪಿದಾಗ ಮಷಿನ್ ಮೇಲೆ ಅನುಮಾನ ಪಡಲು ಸಕಾರಣ ಎರಡೇ. ಪಿನ್ ಮೇಲೆ ಒಣ ಪದರ ಪೇರಿಸಿದಾಗ ಹೊರ ಅಂಚು ಕೂಡುತ್ತದೆ, ಒಳಗಿನ ತೂತು ಕೂಡುವುದಿಲ್ಲ ಅನ್ನುವುದು ಒಂದು: ಕತ್ತರಿಸುವ ಮಧ್ಯೆ ಶೀಟ್ ಅಲುಗಿದೆ ಅಥವಾ ಬೆಲ್ಟ್ ಸಡಿಲ ಇದೆ. ವೃತ್ತದ ಗೆರೆ ಶುರುವಾದ ಜಾಗಕ್ಕೇ ಬಂದು ಸೇರದೆ ಸಣ್ಣ ಮೆಟ್ಟಿಲು ಬಿಟ್ಟಿದ್ದರೆ ಬೆಲ್ಟ್, ಪುಲ್ಲಿಯನ್ನು ಬಿಗಿ ಹಿಡಿಯುವ ಗ್ರಬ್ ಸ್ಕ್ರೂ ಎರಡನ್ನೂ ನೋಡಿಸಿ. ಇನ್ನೊಂದು, 200ರ ಚೌಕದ ಎರಡು ಕರ್ಣ ಅಳೆದಾಗ ಎರಡೂ 282.8 ಬರಬೇಕು, ಒಂದು 283.5 ಇನ್ನೊಂದು 282.1 ಬಂದರೆ ಮಷಿನ್‌ನ ಅಡ್ಡ ಉದ್ದ ಮೂಲೆಮಟ್ಟಕ್ಕಿಲ್ಲ. ಎಲ್ಲ ಪದರವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಇದು ಬಯಲಿಗೇ ಬರುವುದಿಲ್ಲ, ನಾಲ್ಕು ಪದರ ಮಗುಚಿ ಹಾಕಿದ ದಿನ ಬರುತ್ತದೆ. ಬಾಣದ ಗುರುತು ಕೆತ್ತಿಸಿ ಅಂದಿದ್ದು ಇದಕ್ಕೇ.

ನಡುವೆ ಕರೆಂಟ್ ಹೋದರೆ ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಶೀಟ್ ಮುಟ್ಟಬೇಡಿ. ಮಷಿನ್ ಹೋಮ್‌ಗೆ, ಅಂದರೆ ತನ್ನ ಶುರುವಿನ ಜಾಗಕ್ಕೆ, ಹೋಗಿ ಬಂದ ಮೇಲೆ ಪವರ್ ತೀರಾ ಕಮ್ಮಿ ಇಟ್ಟು ಹಳೇ ಗೆರೆಯ ಮೇಲೇ ಓಡುತ್ತದಾ ನೋಡಿ. ಓಡದಿದ್ದರೆ ಆ ಪದರ ಬಿಸಾಕಿ, ಹೊಸದು ಹಾಕಿ.

ಅಂಚು ಮೆಟ್ಟಿಲಾಗಿದ್ದರೆ

ಲೇಸರ್ ಕಿರಣ ಲೆನ್ಸ್‌ನಿಂದ ಸಣ್ಣದಾಗುತ್ತಾ ಬಂದು ಫೋಕಸ್ ಆದ ಮೇಲೆ ಮತ್ತೆ ಅಗಲವಾಗುತ್ತದೆ. ಹಾಗಾಗಿ ಅಂಚು ಪೂರ್ತಿ ನೆಟ್ಟಗಿರುವುದಿಲ್ಲ. ಸಾಮಾನ್ಯವಾಗಿ ಮೇಲೆ ಗೆರೆ ಅಗಲ, ಕೆಳಗೆ ಸಣ್ಣ, ಅಂದರೆ ಕತ್ತರಿಸಿದ ತುಂಡಿನ ಮೇಲ್ಮುಖ ಕೆಳಮುಖಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಎರಡು ಎದುರು ಬದಿಗಳೂ ಹೀಗೆ ಒಳಕ್ಕೆ ವಾಲಿದ್ದರೆ ಅದು ಸಹಜ, ಫೋಕಸ್ ಸರಿ ಮಾಡಿ ಕಮ್ಮಿ ಮಾಡಬಹುದು. ಎರಡೂ ಬದಿ ಒಂದೇ ಕಡೆಗೆ ವಾಲಿದ್ದರೆ ಕಿರಣವೇ ಓರೆ ಬೀಳುತ್ತಿದೆ. 10 ಮಿ.ಮೀ. ಅಕ್ರಿಲಿಕ್ ಚೂರೊಂದನ್ನು ಕತ್ತರಿಸಿ ಬಡಗಿಯ ಮೂಲೆಮಟ್ಟ ಹಿಡಿದು ಬೆಳಕಿಗೆ ಎತ್ತಿದರೆ ಕಣ್ಣಿಗೇ ಕಾಣುತ್ತದೆ. ಕೊನೆಯ ಮಿರರ್‌ನಿಂದ ಬರುವ ಕಿರಣ ಲೆನ್ಸ್‌ನ ನಡುವಿಗೆ ಬೀಳುವ ಹಾಗೆ ಹೊಂದಿಸಬೇಕು. ಅದನ್ನು ಮಷಿನ್ ತಿಳಿದವರ ಕೈಯಲ್ಲೇ ಮಾಡಿಸಿ ಮಾರಾಯ್ರೇ, ಈ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಸುಡುತ್ತದೆ.

ಕೆಲವು ಜಾಗದಲ್ಲಿ ಕತ್ತರಿಸಿದೆ, ಕೆಲವು ಜಾಗದಲ್ಲಿ ತಳ ಬಿಟ್ಟಿಲ್ಲ ಅನ್ನುವುದಕ್ಕೂ ಬಹಳ ಸಲ ಬಾಗಿದ ಶೀಟೇ ಕಾರಣ. ಎರಡು ಇಂಚು ಫೋಕಸ್ ದೂರದ ಲೆನ್ಸ್‌ಗೆ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಗೆರೆ ದಪ್ಪವಾಗಿ ಶಕ್ತಿ ಚದುರುತ್ತದೆ. ಹನಿಕೋಂಬ್ (ಮಷಿನ್‌ನ ಜೇನುಗೂಡಿನಂಥ ಜಾಲರಿ ಮೇಜು) ಮೇಲೆ ಶೀಟನ್ನು ಆಯಸ್ಕಾಂತ ಇಟ್ಟು ಒತ್ತಿ ಹಿಡಿಯಿರಿ. ಹಸಿ ಶೀಟ್‌ಗೆ ಜಾಸ್ತಿ ಪವರ್ ಬೇಕು, ನೀರು ಕಾಯಿಸಿ ಆವಿ ಮಾಡಿದ ಮೇಲೇ ಅದು ನಾರನ್ನು ಸುಡುವುದು.

ಒಂದು ಸಂಗತಿ ಮಾತ್ರ ಮಲೆನಾಡಿನವರು ವಿಶೇಷವಾಗಿ ತಿಳಿದಿರಬೇಕು. ಬೆಳಗ್ಗೆ ಚೆನ್ನಾಗಿ ಕತ್ತರಿಸುತ್ತಿದ್ದ ಮಷಿನ್ ಹೊತ್ತು ಏರಿದ ಹಾಗೆ ಸೋಲುತ್ತಾ ಬಂದರೆ, ಲೆನ್ಸ್ ಒರೆಸಿದರೆ ಸ್ವಲ್ಪ ಹೊತ್ತು ಸರಿಯಾಗಿ ಮತ್ತೆ ಮಂಕಾದರೆ, ಚಿಲ್ಲರ್ (ಲೇಸರ್ ಹುಟ್ಟುವ ಗಾಜಿನ ಟ್ಯೂಬನ್ನು ನೀರು ಹಾಯಿಸಿ ತಣ್ಣಗಿಡುವ ಯಂತ್ರ) ಎಷ್ಟಕ್ಕೆ ಇಟ್ಟಿದ್ದಾರೆ ನೋಡಿ. ಟ್ಯೂಬ್ ತಣ್ಣಗಿದ್ದಷ್ಟೂ ಒಳ್ಳೇದು ಅಂತ 16, 17 ಡಿಗ್ರಿಗೆ ಇಡುವವರಿದ್ದಾರೆ. ಜುಲೈಯಲ್ಲಿ ಕೋಣೆ 25 ಡಿಗ್ರಿ, ಗಾಳಿಯ ತೇವ 90% ಇದ್ದರೆ 23 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರಿನ ಹನಿ ಕೂರುತ್ತದೆ. ಟ್ಯೂಬ್‌ನ ಗಾಜು ಬೆವರುತ್ತದೆ, ಕಿರಣ ಹೊರಬರುವ ತುದಿ ಮಂಜಾಗುತ್ತದೆ, ಚಿಲ್ಲರ್ ನೀರಿನ ಪೈಪ್ ಹತ್ತಿರದ ಲೆನ್ಸ್, ಮಿರರ್‌ಗೂ ಅದೇ ಗತಿ. ಇನ್ನೊಂದು ತುದಿಯಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಅಲ್ಲಿ ಹನಿ ಕೂತರೆ ಕಿಡಿ ಹಾರಿ ಪವರ್ ಸಪ್ಲೈ ಹೋಗುವ ಅಪಾಯವೂ ಇದೆ. ಮಳೆಗಾಲದಲ್ಲಿ ನೀರನ್ನು 24ರ ಆಸುಪಾಸು ಇಡಿಸಿ. ಟ್ಯೂಬ್ ಬೆವರಿದ್ದು ಕಂಡರೆ ಮಷಿನ್ ಆಫ್ ಮಾಡಿ, ಪೂರ್ತಿ ಒಣಗುವ ತನಕ ಕಾಯಿರಿ, ಕೈ ಹಾಕಿ ಒರೆಸಲು ಹೋಗಬೇಡಿ.

ತೇವದ ತಲೆನೋವೇ ಬೇಡ ಅಂತ ಅಕ್ರಿಲಿಕ್‌ಗೆ ಹೋಗುವವರಿಗೆ ಎರಡು ಮಾತು. ಅದರ ದಪ್ಪವೂ ಬರೆದ ಹಾಗೆ ಇರುವುದಿಲ್ಲ, ಅದನ್ನೂ ಅಳೆಯಿರಿ. ಕತ್ತರಿಸಿದ ಅಂಚಿಗೆ ಕ್ಲೋರೋಫಾರ್ಮ್ ಥರದ ಅಂಟೋ ಸ್ಪಿರಿಟ್ಟೋ ತಾಗಿ ಸಣ್ಣ ಸಣ್ಣ ಬಿರುಕು ಎದ್ದರೆ ಲೇಸರ್ ಬಿಸಿಗೆ ಅಂಚಿನಲ್ಲಿ ಉಳಿದ ಸೆಳೆತ ಕಾರಣ, ಸ್ಪಿರಿಟ್ ಬಿಟ್ಟು ಸೋಪಿನ ನೀರಲ್ಲಿ ಒರೆಸಿ. ಇನ್ನು ಬೋರ್ಡ್ ಬರೆಯುವವರ ಹತ್ತಿರ ಸಿಗುವ ಬಿಳಿ ಪಿವಿಸಿ ಫೋಮ್ ಶೀಟನ್ನು ಯಾವ ಕಾರಣಕ್ಕೂ ಲೇಸರ್‌ಗೆ ಹಾಕಬೇಡಿ. ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಎದೆಗೂ ಕೆಟ್ಟದ್ದು, ಮಷಿನ್‌ನ ಕಬ್ಬಿಣಕ್ಕೂ ತುಕ್ಕು. ಅನುಮಾನ ಇದ್ದರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ ಶೀಟ್‌ಗೆ ಒತ್ತಿ, ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ. ಗಾಳಿ ಆಡುವ ಜಾಗದಲ್ಲಿ ಮಾಡಿ.

ಫೌಂಡ್ರಿಯಿಂದ ವಾಪಸ್ ಬಂದರೆ

ಶಿವಮೊಗ್ಗದಲ್ಲಿ ಫೌಂಡ್ರಿಗಳಿಗೆ ಕೊರತೆ ಇಲ್ಲ, ಹಾಗಾಗಿ ಈ ಪದರದ ಮಾದರಿಯನ್ನೇ ಪ್ಯಾಟರ್ನ್ ಮಾಡಿ ಎರಕ ಹಾಕಿಸುವ ಆಸೆ ಎಲ್ಲರಿಗೂ ಬರುತ್ತದೆ. ಮರಳಿನಿಂದ ಪ್ಯಾಟರ್ನ್ ಎಳೆಯುವಾಗ ಅಚ್ಚು ಕಿತ್ತು ಬರುತ್ತದೆ ಅಂತ ಮೋಲ್ಡರ್ ಹೇಳಿದರೆ ಮೇಲೆ ಹೇಳಿದ ಓರೆ ಅಂಚನ್ನು ನೆನಪು ಮಾಡಿಕೊಳ್ಳಿ. ಕೆಲವು ಪದರ ಮಗುಚಿ ಕೂತಿದ್ದರೆ ಅದರ ಅಗಲದ ಅಂಚು ಮರಳಿಗೆ ಕೊಕ್ಕೆ ಹಾಕುತ್ತದೆ. ಲೇಸರ್ ಬಿದ್ದ ಮುಖ, ಅಂದರೆ ಚಿಕ್ಕ ಮುಖ, ಯಾವಾಗಲೂ ಪಾರ್ಟಿಂಗ್ ಲೈನಿಂದ (ಮರಳಿನ ಅಚ್ಚಿನ ಎರಡು ಅರ್ಧ ಸೇರುವ ಗೆರೆ) ಆಚೆಗೆ ಇರಲಿ. ಒಳಗಿನ ತೂತಿಗೂ ಇದೇ ದಿಕ್ಕು ಸರಿಹೋಗುತ್ತದೆ, ಅದು ಮೇಲೆ ಅಗಲ ಇರುವುದರಿಂದ ಮರಳು ಸಲೀಸಾಗಿ ಬಿಡುತ್ತದೆ. ಇದರ ಮೇಲೆ ಮಾಮೂಲಿ ಡ್ರಾಫ್ಟ್ (ಪ್ಯಾಟರ್ನ್ ಸಲೀಸಾಗಿ ಬರಲು ಬದಿಗೆ ಕೊಡುವ ಓರೆ) ಒಂದೆರಡು ಡಿಗ್ರಿ ಬೇಕೇ ಬೇಕು, ಅದನ್ನು ಪ್ರತಿ ಪದರದ ಗಾತ್ರ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಕೊಟ್ಟು, ಮೆಟ್ಟಿಲುಗಳನ್ನು ಪುಟ್ಟಿ ಹಾಕಿ ಉಜ್ಜಿ ತೆಗೆಯಬೇಕು.

ಎರಕ 200 ಮಿ.ಮೀ. ಬದಲು 198 ಬಂದರೆ ಕರ್ಫ್ ಮೇಲೆ ಹಾಕಬೇಡಿ. ಬೀಡು ಕಬ್ಬಿಣ ತಣ್ಣಗಾಗುವಾಗ ಸುಮಾರು 1% ಕುಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 1.3%. ಪ್ಯಾಟರ್ನ್ ಅಷ್ಟು ದೊಡ್ಡದೇ ಇರಬೇಕು.

ಮೊದಲ ಅಚ್ಚು ಚೆನ್ನಾಗಿ ಬಂತು, ನಾಲ್ಕನೆಯದರಿಂದ ಪದರದ ಗೆರೆ ಎದ್ದು ಕಾಣುತ್ತಿದೆ ಅಂದರೆ ಮರಳಿನ ನೀರು ಅಂಚಿನಿಂದ ಒಳಗೆ ಹೋಗಿದೆ. 1991ರಲ್ಲಿ ಅಮೆರಿಕದ ಹೆಲಿಸಿಸ್ ಕಂಪನಿ ಅಂಟು ಬಳಿದ ಕಾಗದವನ್ನು ಬಿಸಿ ರೋಲರ್‌ನಲ್ಲಿ ಪದರ ಪದರವಾಗಿ ಒತ್ತಿ ಲೇಸರ್‌ನಲ್ಲಿ ಕತ್ತರಿಸುವ ಮಷಿನ್ ತಂದಿತ್ತು. ಆ ಕಾಗದದ ಮಾದರಿಗಳಿಗೂ ಇದೇ ಕಾಯಿಲೆ, ಹೊರಗೆ ತೆಗೆದ ಮೇಲೆ ಸೀಲ್ ಮಾಡದಿದ್ದರೆ ತೇವಕ್ಕೆ ಉಬ್ಬುತ್ತಿದ್ದವು. ಎಂಡಿಎಫ್‌ಗೂ ಸ್ಯಾಂಡಿಂಗ್ ಸೀಲರ್ ಮೂರು ಕೈ ಹಾಕಿ, ಅಂಚಿಗೆ ಇನ್ನೆರಡು ಜಾಸ್ತಿ, ನಡುನಡುವೆ ಉಜ್ಜಿ. ಒಣ ಬಿಸಿಲು ಸಿಕ್ಕ ದಿನ ಹಚ್ಚಿದರೆ ಒಳ್ಳೇದು, ಜಡಿಮಳೆಯಲ್ಲಿ ಹಚ್ಚಿದರೆ ಸೀಲರ್ ಬೆಳ್ಳಗೆ ಮಂಜಾಗಿ ಕೂರುತ್ತದೆ. ಪಿನ್ ತೂತುಗಳ ಒಳಗೂ ಸೀಲರ್ ಇಳಿಸಿ, ಆಮೇಲೆ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ ಅಳತೆಗೆ ತನ್ನಿ. ಫೌಂಡ್ರಿಗೆ ಕೊಡುವಾಗ ಪ್ಯಾಟರ್ನ್ ಮೇಲೆ ಎಳೆಯುವ ದಿಕ್ಕಿಗೆ ಒಂದು ಬಾಣ, ಯಾವ ಲೋಹಕ್ಕೆ ಮಾಡಿದ್ದು ಅನ್ನುವುದು, ಎರಡನ್ನೂ ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಕೊಡಿ.